ಟ್ರ್ಯಾಕ್ಟರಿನ ಹುಟ್ಟುಹಬ್ಬ

ಸರ್ಕಾರಿ ಕಾಗದಪತ್ರದ ವಿಷಯದಲ್ಲಿ ಸಿದ್ದರಾಮನನ್ನು ಮೀರಿಸುವವರು ಜವಳಗೇರಾದಲ್ಲಿ ಯಾರೂ ಇಲ್ಲವೆಂದು ಊರೆಲ್ಲ ಹೇಳುತ್ತಿತ್ತು. (ಮೊದಲು ಹೇಳಿದವನು ಸಿದ್ದರಾಮನೇ.) ಹೀಗಾಗಿ ಮಗಳು ಹುಲಿಗೆಮ್ಮನನ್ನು ಒಂದನೇ ತರಗತಿಗೆ ಸೇರಿಸಲು ಶಾಲೆಯವರು ಜನನ ಪ್ರಮಾಣಪತ್ರ ಕೇಳಿದಾಗ ಅವನು ಮೀಸೆ ತೀಡಿಕೊಂಡೇ ಟ್ರಂಕು ತೆರೆದ. ಮೂರು ವರ್ಷದ ಮಗ ವೆಂಕೋಬನ ಪತ್ರ ಪ್ಲಾಸ್ಟಿಕ್ ಹೊದಿಕೆ ಸಮೇತ ಸಿಕ್ಕಿತು. ಟ್ರ್ಯಾಕ್ಟರಿನ ಪತ್ರಗಳೂ ಸಿಕ್ಕವು. ಮಗಳದು ಮಾತ್ರ ಇರಲಿಲ್ಲ.

“ಸಂತೆಕಲ್ಲೂರಾಗ ನಿಮ್ಮ ಮನ್ಯಾಗ ಹುಟ್ಟೈತಿ ಕೂಸು. ನಿಮ್ಮಪ್ಪ ಮಾಡಿಸಬೇಕಿತ್ತು!” ಎಂದು ಹೆಂಡತಿ ಗಂಗಾದೇವಿಯ ಮೇಲೆ ಹರಿಹಾಯ್ದ.

“ಕೂಸಿನ ಅಪ್ಪ ಬರ್ತಾನಂತ ನಮ್ಮಪ್ಪ ದಾರಿ ನೋಡಿದ. ವೆಂಕೋಬ ಹುಟ್ಟಿದಾಗ ನಾ ಆಸ್ಪತ್ರಿ ಮಂಚ ಇಳಿಯೂದ್ರಾಗ ಓಡಿಹೋಗಿ ಬರೆಸಿದ್ರಿ. ಈಕಿ ಏನು ಪಾಪ ಮಾಡಿದ್ಲು?”

“ಚೊಚ್ಚಲ ಬಾಣಂತನ ತವರಿಂದು. ತೊಟ್ಟಿಲಾನೂ ಅವರದು, ಪತ್ರಾನೂ ಅವರದು!”

ಹೊಸ ಬ್ಯಾಗನ್ನು ತಬ್ಬಿಕೊಂಡು ಕೂತಿದ್ದ ಹುಲಿಗೆಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಪತ್ರ ಬರದಿದ್ದರೆ ಈ ವರ್ಷ ಶಾಲೆಯಿಲ್ಲವೆಂದು ಅವಳಿಗೂ ಗೊತ್ತಿತ್ತು.

ಸಂಸಾರ ಸಮೇತ ದಂಡಯಾತ್ರೆ ಹೊರಟಿತು. ತಮ್ಮ ತಾಲ್ಲೂಕು ಸಿಂಧನೂರಿನ ಕಚೇರಿಯಲ್ಲಿ “ಕೂಸು ಹುಟ್ಟಿದ ತಾಲ್ಲೂಕಿಗೆ ಹೋಗ್ರಿ” ಎಂದರು.

“ಮಸ್ಕಿಗೆ ಹೋಗೂಣ್ರಿ,” ಎಂದಳು ಗಂಗಾದೇವಿ.

“ನನಗ ತಾಲ್ಲೂಕು ಕಲಿಸ್ತೀಯೇನು? ನಮ್ಮ ಲಗ್ನ ಆದಾಗ ನಿಮ್ಮೂರು ಲಿಂಗಸುಗೂರಿಗೆ ಇತ್ತು!”

ಲಿಂಗಸುಗೂರಿನವರು “ಆ ಊರು ಈಗ ಹೊಸ ಮಸ್ಕಿ ತಾಲ್ಲೂಕಿಗೆ ಸೇರೈತಿ” ಎಂದು ಅಲ್ಲಿಗೆ ಕಳಿಸಿದರು. ಗಂಗಾದೇವಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಅವಳು ನಾಲ್ಕು ಮಾತು ಬೈದಿದ್ದರೇ ಸಿದ್ದರಾಮನಿಗೆ ಹಾಯೆನಿಸುತ್ತಿತ್ತು.

ಗಂಗಾದೇವಿಯ ಚೊಚ್ಚಲ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಕರೆಮ್ಮ ಸಾಕ್ಷಿ ಹೇಳಲು ಸಂತೆಕಲ್ಲೂರಿನಿಂದ ಮಸ್ಕಿ ಕಚೇರಿಗೆ ಬಂದಿದ್ದಳು. ಅಧಿಕಾರಿ ಮೇಡಂ ಸಿದ್ದರಾಮನ ಕಡೆ ತಿರುಗಿದರು.

“ಮಗು ಹುಟ್ಟಿದ ತಾರೀಖು?”

“ಜ್ವಾಳದ ರಾಶಿ ಟೈಮ್ ಇರಬೇಕ್ರಿ...” ಸಿದ್ದರಾಮ ಬೆವರೊರೆಸಿಕೊಂಡ.

“ಅವತ್ತೇ ಇವರ ಟ್ರ್ಯಾಕ್ಟರ್ ಮನಿಗೆ ಬಂತ್ರಿ,” ಎಂದಳು ಗಂಗಾದೇವಿ.

“ಫೆಬ್ರವರಿ ಹನ್ನೆರಡು!” ಸಿದ್ದರಾಮ ಕುರ್ಚಿಯಿಂದ ಜಿಗಿದೆದ್ದ. “ಇಂಜಿನ್ ನಂಬರೂ ಹೇಳ್ಲೇನ್ರಿ?”

“ಬ್ಯಾಡ,” ಎಂದರು ಮೇಡಂ.

“ಕೂಸು ನೋಡಾಕ ಬಾರಪ್ಪಾ ಅಂತ ಹೇಳಿ ಕಳಿಸಿದ್ರ, ಟ್ರ್ಯಾಕ್ಟರ್ ಪೂಜಿ ಐತಿ ಅಂದಿದ್ದ ನೋಡ್ರಿ ಈ ಪುಣ್ಯಾತ್ಮ,” ಎಂದು ಯಾರೂ ಕೇಳದಿದ್ದರೂ ಕರೆಮ್ಮ ಸಾಕ್ಷಿ ನುಡಿದಳು.

ಸಿದ್ದರಾಮನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಮಾನ ಉಳಿಸಿಕೊಳ್ಳಬೇಕಲ್ಲ! “ಪ್ರತಿ ವರ್ಷ ಆ ದಿನ ಗಾಡಿಗೆ ಹಾರ ಹಾಕಿ, ಮನ್ಯಾಗ ಹೋಳಿಗಿ ಮಾಡಿಸ್ತೀನ್ರಿ ಮೇಡಂ.”

“ಟ್ರ್ಯಾಕ್ಟರ್ ಹೋಳಿಗಿ ತಿಂತೈತೇನ್ರಿ?” ಗಂಗಾದೇವಿ ಇಡೀ ದಿನದ ಸಿಟ್ಟನ್ನು ಒಮ್ಮೆಲೇ ಹೊರಹಾಕಿದಳು. “ಇಷ್ಟು ವರ್ಷ ನೀವು ಉಂಡಿದ್ದು ನನ್ನ ಮಗಳ ಹುಟ್ಟುಹಬ್ಬದ ಹೋಳಿಗಿ!”

ಮೇಡಂ ನಗು ನುಂಗಿಕೊಂಡು ತಾರೀಖು ಬರೆದುಕೊಂಡರು. ಶಾಲೆ ಶುರುವಾಗುವುದರೊಳಗೆ ಪತ್ರ ಕೈಗೆ ಸಿಗುತ್ತದೆಂದು ಭರವಸೆ ಕೊಟ್ಟರು. ಸಿದ್ದರಾಮನ ಎದೆ ಹಗುರಾಯಿತು. ತನ್ನಿಂದಲೇ ಕೆಲಸವಾಯಿತೆಂಬಂತೆ ಅವನ ಕೈ ಮತ್ತೆ ಮೀಸೆಗೆ ಹೋಯಿತು.

ಆಗ ಹುಲಿಗೆಮ್ಮ ಅವನ ಅಂಗಿ ಜಗ್ಗಿದಳು.

“ಅಪ್ಪಾ, ಟ್ರ್ಯಾಕ್ಟರ್ ಪತ್ರಾನೂ ಅದರ ತವರಿನವರೇ ಮಾಡಿಸಿದ್ರೇನು?”

ಒಂದೇ ದಿನದಲ್ಲಿ ಮೂರು ತಾಲ್ಲೂಕು ಸುತ್ತಿದ ಸಿದ್ದರಾಮ ಮೀಸೆಯಿಂದ ಕೈ ತೆಗೆದ.