ಸವಾದ್ ಮುಟ್ಟದ ಬಟನ್

ತೊಂದರೆ ಶುರುವಾದದ್ದು ಒಂದು ಫಲಕದಿಂದ.

ಫಲಕ ಸವಾದ್‌ನದೇ. ಮದೀನತ್ ಜಾಯೆದ್‌ನಿಂದ ಅರುವತ್ತು ಕಿಲೋಮೀಟರ್ ಆಚೆ, ಕೊಲ್ಲಿಯ ಮರುಭೂಮಿಯಲ್ಲಿ, ಗ್ಯಾಸ್ ಪೈಪು ಹಾಕುವ ಸೈಟಿಗೆ ಹೋಗುವ ದಾರಿಯ ಬದಿಯಲ್ಲಿ, ಅವನೇ ಬಿಸಿಲಲ್ಲಿ ನಿಂತು ನೆಡಿಸಿದ್ದು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ, ನಾಲ್ಕು ಭಾಷೆಗಳಲ್ಲಿ ಒಂದೇ ಮಾತು: 'ಮೆತ್ತನೆಯ ಮರಳು. ದಾರಿ ಬಿಟ್ಟು ಇಳಿಯಬೇಡಿ.' ಈ ಫಲಕವನ್ನು ಹೆಡ್ ಆಫೀಸಿನ ಮಾರ್ಟಿನಾ ಮೇಡಂಗೆ ಹತ್ತಿರದಿಂದ ತೋರಿಸಬೇಕೆಂದು ಸವಾದ್ ಗಾಡಿ ಸಮೇತ ದಾರಿ ಬಿಟ್ಟು ಇಳಿದ.

ಗಾಡಿ ಇಪ್ಪತ್ತು ಅಡಿ ಹೋಯಿತು. ಆಮೇಲೆ, ಮೇವು ಮುಗಿಸಿದ ಎಮ್ಮೆ ಕೆಸರಿನಲ್ಲಿ ಕೂರುವ ಹಾಗೆ, ಹಿಂಭಾಗವನ್ನು ನಿಧಾನವಾಗಿ ಇಳಿಸಿ ಕೂತುಬಿಟ್ಟಿತು.

"ಎಂತ ಆಯ್ತು?" ಎಂದು ಮಾರ್ಟಿನಾ ಹಿಂದಿನ ಸೀಟಿನಿಂದ ಕೇಳಿದರು.

"ಏನಿಲ್ಲ ಮೇಡಂ. ಗಾಡಿ ನಿಂತಿತು."

"ನಿಂತದ್ದಲ್ಲ ಮಾರಾಯ್ರೆ, ಹೂತದ್ದು," ಎಂದ ಪಕ್ಕದಲ್ಲಿದ್ದ ಜೆರಾಲ್ಡ್. ಅವನು ಕ್ಯಾಂಪ್ ಬಾಸ್. ಕೆಲಸಗಾರರ ಕೋಣೆ, ಅಡುಗೆಮನೆ, ನೀರು ಎಲ್ಲ ಅವನ ಉಸ್ತುವಾರಿ. ಇವತ್ತು ಅವನಿಗೆ ಈ ಗಾಡಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ಮೇಡಂ ಮಂಗಳೂರಿನ ಕಡೆಯವರೆಂದು ತಿಳಿದದ್ದೇ ಊಟದ ಬುತ್ತಿ ಹಿಡಿದುಕೊಂಡು ಹತ್ತಿ ಕೂತಿದ್ದ.

ಸವಾದ್ ಕಂಪೆನಿಯ ಸೇಫ್ಟಿ ಆಫೀಸರ್. ವಯಸ್ಸು ನಲವತ್ತೊಂದು. ಮುಖದಲ್ಲಿ ಯಾವಾಗಲೂ ಸಾವಾದ ಮಯ್ಯತ್ತಿನ ಮನೆಯಿಂದ ಈಗಷ್ಟೇ ಎದ್ದು ಬಂದವನ ಗಾಂಭೀರ್ಯ. ಎಂಟು ವರ್ಷದಿಂದ ಅವನು ಈ ಮರಳಿನ ನಡುವೆ, ಹೆಂಡತಿ ಮುಬೀನ ಮತ್ತು ಮಗಳು ಫರ್ಝಾನ ದುಬೈಯ ಕರಾಮದಲ್ಲಿ. ಹದಿನೈದು ದಿನಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಒಂದು ದಿನ ಇದ್ದು ಬರುತ್ತಿದ್ದ. ಏಳು ವರ್ಷದ ಮಗಳು ಶಾಲೆಯಲ್ಲಿ ಮನೆಯವರ ಚಿತ್ರ ಬರೆದಾಗ ಅಮ್ಮನನ್ನು ಬಾಗಿಲ ಬಳಿ, ತನ್ನನ್ನು ಬಾಲ್ಕನಿಯಲ್ಲಿ ನಿಲ್ಲಿಸಿ, ಅಪ್ಪನನ್ನು ಮೊಬೈಲಿನೊಳಗೆ ಬರೆದಿದ್ದಳು. ಅದನ್ನು ಕಂಡ ದಿನದಿಂದ ಸವಾದ್‌ಗೆ ದುಬೈ ಆಫೀಸಿನ ವರ್ಗಾವಣೆಯೊಂದೇ ಧ್ಯಾನ. ಈಗ ಅಲ್ಲೊಂದು ಜಾಗ ಖಾಲಿಯಾಗಿತ್ತು. ಕೊಡುವುದೋ ಬಿಡುವುದೋ ಎಂದು ನೋಡಿಹೋಗಲು ಮಾರ್ಟಿನಾ ಬಂದದ್ದು.

ಅವನು ಆ್ಯಕ್ಸಿಲರೇಟರ್ ಒತ್ತಿದ. ಚಕ್ರ ಒಂದು ಸುತ್ತು ತಿರುಗಿತು. ಮರುಕ್ಷಣ ಇಂಜಿನ್ನಿನ ದನಿ ಉಡುಗಿತು. ಮುಂದೆ ಹಳದಿ ದೀಪವೊಂದು ಮಿಣಕ್ ಮಿಣಕ್ ಎಂದಿತು. ದೀಪದೊಳಗೆ ಪುಟ್ಟ ಕಾರು, ಅದರ ಹಿಂದೆ ಎರಡು ಹಾವು ಹರಿದ ಹಾಗೆ ಗೆರೆ.

"ಸ್ಟೆಬಿಲಿಟಿ ಕಂಟ್ರೋಲ್ ಆನ್ ಉಂಟಲ್ಲ," ಎಂದರು ಮಾರ್ಟಿನಾ. "ಚಕ್ರ ಜಾರಿದ ಕೂಡಲೇ ಅದು ಇಂಜಿನ್ನಿನ ಕುತ್ತಿಗೆ ಹಿಡೀತದೆ. ರಸ್ತೆಯಲ್ಲಿ ಒಳ್ಳೇದು. ಮರಳಲ್ಲಿ ಚಕ್ರ ಸ್ವಲ್ಪ ತಿರುಗ್ಲೇಬೇಕು. ಆಫ್ ಮಾಡಿ ನೋಡಿ."

ಸವಾದ್ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದ.

ಮೂರು ವರ್ಷದ ಹಿಂದೆ ಕಂಪೆನಿಯ ಒಬ್ಬ ಡ್ರೈವರ್ ಇದೇ ಬಟನ್ ಆಫ್ ಮಾಡಿ ಹೆದ್ದಾರಿಯಲ್ಲಿ ಗಾಡಿಯನ್ನು ಬುಗುರಿಯಂತೆ ಮೂರು ಸುತ್ತು ತಿರುಗಿಸಿದ್ದ. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಸವಾದ್ ಅಂದೇ ಕಟ್ಟಪ್ಪಣೆ ಹೊರಡಿಸಿದ: ಆ ಬಟನ್ ಯಾರೂ ಮುಟ್ಟಕೂಡದು. ಮೊದಲ ಸಲ ಮುಟ್ಟಿದರೆ ವಾರ್ನಿಂಗ್ ಲೆಟರ್, ಎರಡನೆಯ ಸಲಕ್ಕೆ ಇನ್ನೊಂದು, ಮೂರನೆಯ ಸಲಕ್ಕೆ ಊರಿಗೆ ಟಿಕೆಟ್. ಪ್ರತಿ ಸೋಮವಾರ ಬೆಳಿಗ್ಗೆ ಡ್ರೈವರುಗಳಿಗೆ ಅದರದ್ದೇ ಪಾಠ. ಪರದೆಯ ಮೇಲೆ ಬಟನ್ನಿನ ಚಿತ್ರ, ಅದರ ಮೇಲೆ ದೊಡ್ಡ ಕೆಂಪು ಕತ್ತರಿ ಗೆರೆ. ಗೆರೆ ಎಷ್ಟು ದಪ್ಪವೆಂದರೆ ಕೆಳಗಿನ ಬಟನ್ ಯಾರಿಗೂ ಕಾಣುತ್ತಿರಲಿಲ್ಲ. ಸವಾದ್‌ಗೂ.

ಆ ಬಟನ್ ಗಾಡಿಯಲ್ಲಿ ಎಲ್ಲಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಅದು ನಮ್ಮ ನಿಯಮಕ್ಕೆ ವಿರುದ್ಧ ಮೇಡಂ," ಎಂದ.

"ನಿಯಮ ರಸ್ತೆಗೆ. ಇದು ರಸ್ತೆಯಾ?"

"ರಿಕವರಿ ಗಾಡಿ ಕರೆಸಿದ್ರೆ ಆಯ್ತಪ್ಪ, ಎಳೆದು ಹಾಕ್ತಾರೆ, ಖಲಾಸ್," ಎಂದ ಜೆರಾಲ್ಡ್.

ಅದೂ ಆಗದ ಮಾತು. ಕ್ಯಾಂಪಿನ ಗೇಟಿನಲ್ಲಿ 'ಅವಘಡವಿಲ್ಲದ ದಿನಗಳು' ಎಂಬ ಬೋರ್ಡಿತ್ತು. ಇವತ್ತು ಬೆಳಿಗ್ಗೆ ಅದರಲ್ಲಿ ಸಾವಿರದ ಎಂಬತ್ತೆರಡು ಎಂದು ಸವಾದ್ ತನ್ನ ಕೈಯಾರೆ ಬರೆದು ಬಂದಿದ್ದ. ರಿಕವರಿ ಕರೆಸಿದರೆ ಅದನ್ನು ಅವಘಡವೆಂದೇ ಲೆಕ್ಕ ಹಿಡಿಯಬೇಕೆಂಬ ನಿಯಮವೂ ಅವನದೇ. ಸೊನ್ನೆ ಬರೆದ ಬೋರ್ಡಿನ ಕೆಳಗೆ ನಿಂತು ದುಬೈಗೆ ವರ್ಗ ಕೇಳುವುದು ಹೇಗೆ?

"ಕುವೈತಲ್ಲಿ ನನ್ನ ಮಾವ ಒಬ್ರಿದ್ರು," ಎಂದು ಜೆರಾಲ್ಡ್ ಕೆಳಗಿಳಿದ. "ಗಾಡಿ ಹೂತ್ರೆ ಕಾಲ ಕೆಳಗಿನ ಮ್ಯಾಟ್ ತೆಗೆದು ಚಕ್ರದಡಿಗೆ ಕೊಡ್ತಿದ್ರು. ಒಂದೇ ಏಟಿಗೆ ಹೊರಗೆ." ಮ್ಯಾಟ್ ಎಳೆದು ಚಕ್ರದ ಮುಂದೆ ತುರುಕಿದ. ಸವಾದ್ ಆ್ಯಕ್ಸಿಲರೇಟರ್ ಒತ್ತಿದ. ಚಕ್ರ ಮ್ಯಾಟನ್ನು ನೀರುದೋಸೆಯಂತೆ ಮಡಚಿ ಒಳಗೆ ಎಳೆದುಕೊಂಡಿತು. ಗಾಡಿ ಇನ್ನೊಂದು ಗೇಣು ಇಳಿಯಿತು.

"ಮಾವನ ಗಾಡಿ ಬೇರೆ ಕಂಪೆನಿಯದ್ದು," ಎಂದು ಜೆರಾಲ್ಡ್ ಮರಳು ಕೊಡವಿಕೊಂಡ.

"ಬಟನ್ ಎಲ್ಲಿ ಅಂತ ನಿಮಗೆ ಗೊತ್ತುಂಟಲ್ಲ ಸವಾದ್?" ಎಂದು ಮಾರ್ಟಿನಾ ಕೇಳಿದರು.

"ಗೊತ್ತಿಲ್ಲದೆ ಎಂತ ಮೇಡಂ? ಮೂರು ವರ್ಷದಿಂದ ಅದರದ್ದೇ ಪಾಠ ಮಾಡ್ತಾ ಇದ್ದೇನೆ."

ಅವನು 'ಬಿಸ್ಮಿಲ್ಲಾ' ಎಂದು ಒಂದು ಬಟನ್ ಒತ್ತಿದ. ಎರಡೂ ಬದಿಯ ಕನ್ನಡಿಗಳು ಹೆದರಿದ ಕತ್ತೆಯ ಕಿವಿಗಳಂತೆ ಮಡಚಿಕೊಂಡವು. ಇನ್ನೊಂದು ಒತ್ತಿದ. ಹಿಂದಿನ ಗಾಜಿನ ಮೇಲೆ ನೀರು ಚಿಮ್ಮಿ ವೈಪರ್ ಆಡಿತು. ಮೂರನೆಯದು ಒತ್ತಿದಾಗ ಏಸಿ ನಿಂತಿತು. ಗಾಡಿಯೊಳಗೆ ಎರಡೇ ನಿಮಿಷದಲ್ಲಿ ಅಕ್ಕಿ ಬೇಯುವಷ್ಟು ಶಾಖ. ಮಾರ್ಟಿನಾ ಇಳಿದು ಫಲಕದ ನೆರಳಿನಲ್ಲಿ ನಿಂತರು. ಆ ನೆರಳು ಅವರ ತಲೆಗೆ ಮಾತ್ರ ಸಾಕಾಗುತ್ತಿತ್ತು.

"ಒಂದು ಅರ್ಜೆಂಟ್ ಫೋನ್ ಉಂಟು ಮೇಡಂ," ಎಂದು ಸವಾದ್ ಗಾಡಿಯ ಆಚೆ ಬದಿಗೆ ಹೋದ. ಡ್ರೈವರ್ ರಾಝಿಕ್‌ಗೆ ಫೋನ್ ಹಚ್ಚಿ, ಮೇಡಂಗೆ ತಿಳಿಯದಿರಲೆಂದು ಬ್ಯಾರಿ ಭಾಷೆಯಲ್ಲಿ ದನಿ ತಗ್ಗಿಸಿ ಕೇಳಿದ: "ರಾಝಿಕ್, ಆ ಸ್ಟೆಬಿಲಿಟಿ ಬಟನ್ ಎಲ್ಲಿರ್ತದೆ?"

ಆ ಕಡೆ ರಾಝಿಕ್ ಗಾಡಿಯ ಬಾಗಿಲು ಎಳೆದುಕೊಂಡ ಸದ್ದು.

"ಯಾವ ಬಟನ್ ಸಾರ್? ನನ್ನ ಗಾಡಿಯಲ್ಲಿ ಅಂಥದ್ದೇ ಇಲ್ಲ."

"ಇದು ಪರೀಕ್ಷೆ ಅಲ್ಲ ರಾಝಿಕ್. ನನಗೆ ನಿಜವಾಗಿ ಬೇಕು."

"ಅಲ್ಲಾಹನಾಣೆ ಸಾರ್, ನಾನು ಇವತ್ತಿನವರೆಗೆ ಮುಟ್ಟಿಲ್ಲ. ಯಾರು ನಿಮ್ಮ ಹತ್ರ ಚಾಡಿ ಹೇಳಿದ್ದು?"

ಎರಡನೆಯ ಡ್ರೈವರ್ ಪ್ರಶ್ನೆ ಕೇಳಿದ್ದೇ ಫೋನ್ ಸ್ವಿಚ್ ಆಫ್ ಮಾಡಿದ. ಮೂರನೆಯವನು, ತಾನು ಬಟನ್ ಮುಟ್ಟುವುದು ಹಾಗಿರಲಿ, ಗಾಡಿ ಓಡಿಸುವಾಗ ಆ ಕಡೆ ನೋಡುವುದೂ ಇಲ್ಲವೆಂದ. ಯಾವ ಕಡೆ ಎಂದು ಕೇಳಿದರೆ ಗಾಬರಿಯಾಗಿ ಅತ್ತೇಬಿಟ್ಟ.

ಉಳಿದದ್ದು ಅಬ್ದುಲ್ ರವೂಫ್ ಒಬ್ಬರೇ. ಐವತ್ತೆಂಟು ವರ್ಷದ ಹಳೆಯ ಡ್ರೈವರ್. ಈ ಮರಳಿನಲ್ಲೇ ಗಡ್ಡ ಬೆಳ್ಳಗಾದವರು.

"ರವೂಫಾಕ, ನಾನು ಮರಳಲ್ಲಿ ಸಿಕ್ಕಿಬಿದ್ದಿದ್ದೇನೆ. ಆ ಬಟನ್ ಎಲ್ಲಿ ಹೇಳಿ."

"ನನಗೆ ಎಲ್ಲಿಂದ ಗೊತ್ತಾಗ್ಬೇಕು ಸಾರ್?"

"ನಿಮ್ಮ ಹೆಸರು ಯಾರಿಗೂ ಹೇಳುದಿಲ್ಲ. ನನ್ನ ಉಮ್ಮನಾಣೆ. ಇವತ್ತು ಇದು ತಪ್ಪಿದ್ರೆ ದುಬೈ ತಪ್ಪಿತು. ಮಗಳು ನನ್ನನ್ನು ಇನ್ನೂ ಫೋನಿನೊಳಗೇ ನೋಡ್ಬೇಕು."

ರವೂಫ್ ನಿಟ್ಟುಸಿರು ಬಿಟ್ಟರು. "ಎಡ ಮೊಣಕಾಲಿನ ಮೇಲೆ, ಸ್ಟೇರಿಂಗ್‌ನ ಹಿಂದೆ, ಬಗ್ಗಿ ನೋಡಿದ್ರೆ ಮಾತ್ರ ಕಾಣ್ತದೆ. ಕಾರಿನ ಹಿಂದೆ ಹಾವಿನ ಗೆರೆ ಉಂಟು. ಒಮ್ಮೆ ಒತ್ತಿ ಬಿಟ್ರೆ ಸಾಕಾಗುದಿಲ್ಲ. ಹಿಡಿದುಕೊಳ್ಳಿ, ನಾಲ್ಕು ಎಣಿಸಿ. ದೀಪ ಮಿಣುಕುದು ಬಿಟ್ಟು ಸುಮ್ಮನೆ ಉರಿದ್ರೆ ಆಯ್ತು. ಅದಕ್ಕೆ ಮೊದ್ಲು ಟಯರಿನ ಗಾಳಿ ಅರ್ಧ ಇಳಿಸಿ. ಬಂದ ದಾರಿಯಲ್ಲೇ ಹಿಂದೆ ತೆಗೀರಿ, ಸ್ಟೇರಿಂಗ್ ತಿರುಗಿಸ್ಬೇಡಿ."

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

"ಯಾರೋ ಹೇಳಿದ್ದು ಕೇಳಿದ್ದು ಸಾರ್. ಅವರು ಊರಿಗೆ ಹೋದ್ರು."

ಗಾಳಿ ಇಳಿಸಿದ್ದಾಯಿತು. ಜೆರಾಲ್ಡ್ ಅಂಗೈಯಲ್ಲಿ ಚಕ್ರದ ಸುತ್ತಲಿನ ಮರಳು ತೋಡಿ, ಮ್ಯಾಟನ್ನೂ ಎಳೆದು ತೆಗೆದ. ಸವಾದ್ ಬಗ್ಗಿದ. ಇತ್ತು. ಕಡಲೆಬೀಜದಷ್ಟು ಬಟನ್, ಮೂರು ವರ್ಷ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ. ಕಳ್ಳತನಕ್ಕೆ ಮೊದಲ ಸಲ ಕೈ ಹಾಕಿದವನಂತೆ ಆಚೀಚೆ ನೋಡಿ ಬೆರಳು ಇಟ್ಟ. ಒಂದು, ಎರಡು, ಮೂರು, ನಾಲ್ಕು. ದೀಪ ನಿಂತು ಉರಿಯಿತು. ಹಿಂದಕ್ಕೆ ಹಾಕಿ ಆ್ಯಕ್ಸಿಲರೇಟರ್ ಒತ್ತಿದಾಗ ಈ ಸಲ ಇಂಜಿನ್ ಉಡುಗಲಿಲ್ಲ. ಚಕ್ರಗಳು ಮರಳು ಉಗುಳಿದವು, ಗಾಡಿ ಒಮ್ಮೆ ನರಳಿತು, ಆಮೇಲೆ ಹಿಂದು ಹಿಂದಾಗಿ ಏರಿ ಗಟ್ಟಿ ದಾರಿಯ ಮೇಲೆ ಬಂದು ನಿಂತಿತು.

ಜೆರಾಲ್ಡ್ ಚಪ್ಪಾಳೆ ತಟ್ಟಿದ. ಸವಾದ್ ತಟ್ಟಲಿಲ್ಲ. ಮೊದಲು ಸ್ಟೆಬಿಲಿಟಿ ಕಂಟ್ರೋಲ್ ಮತ್ತೆ ಆನ್ ಮಾಡಿದ. ಇಳಿದು ಮಾರ್ಟಿನಾರ ಮುಂದೆ ನಿಂತ. ಬೆವರಿಗೆ ಮರಳು ಅಂಟಿ ಅವನ ಮುಖ ರವೆ ಸವರಿದ ಬಂಗುಡೆಯಂತಾಗಿತ್ತು.

"ಮೇಡಂ, ನನ್ನ ನಿಯಮ ನಾನೇ ಮುರಿದೆ. ರಿಪೋರ್ಟಲ್ಲಿ ಬರೀರಿ."

"ಬರೀತೇನೆ. ಬಟನ್ ಎಲ್ಲಿ ಅಂತ ಯಾರು ಹೇಳಿದ್ರು?"

"ಅದು ಮಾತ್ರ ಕೇಳ್ಬೇಡಿ. ಲೆಟರ್ ಕೊಡುದಾದ್ರೆ ನನಗೆ ಕೊಡಿ."

ಮಾರ್ಟಿನಾ ಕನ್ನಡಕ ತೆಗೆದು ಒರೆಸಿದರು. "ನಾನು ಹುಟ್ಟಿ ಬೆಳೆದದ್ದು ಉಳ್ಳಾಲದ ಹತ್ರ ಸವಾದ್. ನಮ್ಮ ಆಚೆ ಮನೆ, ಈಚೆ ಮನೆ ಎರಡೂ ಬ್ಯಾರಿಗಳದ್ದು. ನಿಮ್ಮ ನಾಲ್ಕೂ ಫೋನ್ ನನಗೆ ಪೂರ್ತಿ ಅರ್ಥ ಆಯ್ತು."

ಸವಾದ್‌ಗೆ ಮತ್ತೆ ಆ ಮರಳೊಳಗೆ ಇಳಿದುಹೋಗುವ ಆಸೆಯಾಯಿತು.

"ಹೆದರ್ಬೇಡಿ. ನೀವು ಆ ಹಿರಿಯರ ಹೆಸರು ಹೇಳ್ಲಿಲ್ಲ, ಅದು ನನಗೆ ಸಂತೋಷ. ಆದ್ರೆ ನೋಡಿ, ಇಡೀ ದಿನ ಮರಳಲ್ಲೇ ಓಡಾಡುವವರಿಗೆ ಮರಳಲ್ಲಿ ಗಾಡಿ ತೆಗೆಯುದು ಕಳ್ಳತನ ಆಗಿದೆ. ಎಲ್ಲಿ ಆಫ್ ಮಾಡ್ಬೇಕು, ಯಾವಾಗ ಮತ್ತೆ ಆನ್ ಮಾಡ್ಬೇಕು, ಅದನ್ನು ಬಹಿರಂಗವಾಗಿ ಕಲಿಸ್ಬೇಕು. ನೀವೇ ಕಲಿಸಿ. ಎಲ್ಲ ಡ್ರೈವರುಗಳೂ ನನ್ನ ಕಣ್ಣೆದುರು ಅಥವಾ ವಿಡಿಯೋದಲ್ಲಿ ಸರಿಯಾಗಿ ಮಾಡಿ ತೋರಿಸಿದ ಮಾರನೇ ದಿನ ನೀವು ದುಬೈಗೆ ಬನ್ನಿ. ಜಾಗ ನಿಮಗೇ ಇಟ್ಟಿರ್ತೇನೆ. ಒಬ್ಬ ಫೇಲಾದ್ರೂ ಅವನು ಪಾಸಾಗುವವರೆಗೆ ಇಲ್ಲೇ."

ಸವಾದ್ ಆ ಮಾತನ್ನು ಎರಡು ಸಲ ಮನಸ್ಸಿನಲ್ಲೇ ತಿರುಗಿಸಿ ನೋಡಿದ. ಕಲಿಸುವುದೇನು? ಎಲ್ಲರಿಗೂ ಮೊದಲೇ ಗೊತ್ತಿದೆ! ಅರುವತ್ತೆರಡು ಡ್ರೈವರುಗಳು, ಒಬ್ಬೊಬ್ಬರಿಗೆ ಐದು ನಿಮಿಷ. ಅವನು ದಾರಿಯಲ್ಲೇ ಮುಬೀನಳಿಗೆ ಫೋನ್ ಮಾಡಿದ. "ಫರ್ಝಾನಳಿಗೆ ಹೇಳು, ಒಂದು ವಾರ. ಒಂದೇ ವಾರ." ಆ ಕಡೆ ಅವಳು ಮೂಗೊರೆಸಿದ್ದು ಕೇಳಿತು. ಎಂಟು ವರ್ಷದಲ್ಲಿ ಮೊದಲ ಸಲ ಡ್ಯೂಟಿಯ ಮಧ್ಯೆ ಸವಾದ್ ನಕ್ಕದ್ದನ್ನು ಜೆರಾಲ್ಡ್ ಕಣ್ಣಾರೆ ಕಂಡ.

ಸಂಜೆ ನಾಲ್ಕು ಗಂಟೆಗೆ ಕ್ಯಾಂಪಿನ ಅಂಗಳದಲ್ಲಿ ಡ್ರೈವರುಗಳು ಸೇರಿದರು. ಮಧ್ಯದಲ್ಲಿ ಗಾಡಿ, ಪಕ್ಕದಲ್ಲಿ ಕುರ್ಚಿ ಹಾಕಿ ನೋಟ್‌ಬುಕ್ ಹಿಡಿದ ಮಾರ್ಟಿನಾ. ಬೆಳಗಿನ ಫೋನುಗಳ ಸುದ್ದಿ ಅಷ್ಟರಲ್ಲಿ ಮೂರು ಕೋಣೆ, ಎರಡು ಅಡುಗೆಮನೆ ದಾಟಿ ಎಲ್ಲರನ್ನೂ ಮುಟ್ಟಿತ್ತು: ಸೇಫ್ಟಿ ಸಾರ್ ಇವತ್ತು ಬಲೆ ಹಾಕಿದ್ದಾರೆ, ಹೆಡ್ ಆಫೀಸಿನಿಂದ ಸಾಕ್ಷಿಗೆ ಜನ ಬಂದಿದ್ದಾರೆ.

"ಇವತ್ತು ಲೆಟರ್ ಇಲ್ಲ, ಶಿಕ್ಷೆ ಇಲ್ಲ," ಎಂದ ಸವಾದ್. "ಒಬ್ಬೊಬ್ಬರೇ ಬನ್ನಿ. ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಿ, ಮತ್ತೆ ಆನ್ ಮಾಡಿ ತೋರಿಸಿ. ಯಲ್ಲಾ, ಬೇಗ ಬನ್ನಿ."

ಅವನು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವರು ಹಿಂದೆ ಕೇಳಿರಲಿಲ್ಲ. ಸಂಶಯ ಇದ್ದವರಿಗೂ ಈಗ ಖಾತ್ರಿಯಾಯಿತು.

ರಾಝಿಕ್ ಮೊದಲು ಬಂದ. ಬಹಳ ಯೋಚಿಸಿ ಹಾರ್ನ್ ಒತ್ತಿದ. ಎರಡನೆಯವನು ಇಳಿದು ಬಾನೆಟ್ ಎತ್ತಿ ಹುಡುಕಿದ. ಮೂರನೆಯವನು ರೇಡಿಯೋ ಹಾಕಿ, ಇದೇ ಇರಬೇಕೆಂದ. ಹತ್ತನೆಯವನು ಸ್ಟೆಬಿಲಿಟಿ ಎಂದರೆ ಏನೆಂದು ಕೇಳಿದ. ಮಾರ್ಟಿನಾ ಒಬ್ಬೊಬ್ಬರ ಹೆಸರಿನ ಮುಂದೆಯೂ 'ಫೇಲ್' ಎಂದು ಬರೆಯುತ್ತ ಹೋದರು.

ಕೊನೆಗೆ ರವೂಫ್ ಎದ್ದು ಬಂದರು. ಸವಾದ್‌ಗೆ ಹೋದ ಜೀವ ಬಂದಂತಾಯಿತು. ಈ ಒಬ್ಬರು ಮಾಡಿ ತೋರಿಸಿದರೆ ಉಳಿದವರಿಗೂ ಧೈರ್ಯ ಬರುತ್ತದೆ. ರವೂಫ್ ಸೀಟಿನಲ್ಲಿ ಕೂತರು. ಅವರ ಎಡಗೈ, ಕೊಟ್ಟಿಗೆಗೆ ಮರಳುವ ಹಸುವಿನಂತೆ, ತಾನಾಗಿ ಮೊಣಕಾಲಿನ ಕಡೆ ಹೋಯಿತು. ಅಷ್ಟರಲ್ಲಿ ಅವರು ತಲೆಯೆತ್ತಿದರು. ಅರುವತ್ತೊಂದು ಜೊತೆ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಮಾರ್ಟಿನಾರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

ಕೈ ಅರ್ಧದಲ್ಲೇ ನಿಂತಿತು. ರವೂಫ್ ಆಚೆ ಬಾಗಿ ಮುಂದಿನ ಡ್ರಾಯರ್ ತೆರೆದು, ಅದರೊಳಗಿದ್ದ ಟಿಶ್ಯೂ ಪೆಟ್ಟಿಗೆಯನ್ನು ಎತ್ತಿ ಕೆಳಗೆ ನೋಡಿ, ಬಹಳ ವಿನಯದಿಂದ ಕೇಳಿದರು:

"ಇಲ್ಲಿರ್ತದಾ ಸಾರ್?"