ಅತ್ತೆಯವರ ಬಂದೂಕು, ನನ್ನ ಲಿನಕ್ಸು

ಮನೆಯ ಕಂಪ್ಯೂಟರನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ಶನಿವಾರ ಬೆಳಿಗ್ಗೆ ದೇವರಿಗೆ ಕೈಮುಗಿದು ಪಣತೊಟ್ಟೆ. ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ ವಿಡಿಯೋ ನೋಡಿಯೇ ಕಲಿತವಳು ನಾನು. ವಿಂಡೋಸನ್ನು ಬೇರುಸಹಿತ ಕಿತ್ತು, ಅದರ ಜಾಗದಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಪ್ರತಿಷ್ಠಾಪಿಸಿದೆ. ತೆವಳುತ್ತಿದ್ದ ಕಂಪ್ಯೂಟರ್ ಜಿಂಕೆಯಾಯಿತು!

"ಈಗ ಆಡಿ ನೋಡಿ ಅತ್ತೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿರುತ್ತೆ."

ಅತ್ತೆಯವರಿಗೆ ಅರವತ್ತೆಂಟು. ಬಂದೂಕಿನ ಆನ್‌ಲೈನ್ ಆಟವೊಂದರಲ್ಲಿ ಅವರೂ ದೂರದೂರಿನ ಅವರ ತಂಗಿಯೂ ಜೋಡಿ. ಭಾನುವಾರ ನಾಲ್ಕಕ್ಕೆ ಫೈನಲ್. ಆಟ ತೆರೆದರೆ ಕೆಂಪಕ್ಷರ: 'ಮೋಸದ ಶಂಕೆ. ಖಾತೆ ತಡೆಹಿಡಿಯಲಾಗಿದೆ.'

"ಮೋಸ ಯಾರು ಮಾಡಿದ್ದು?"

"ಯಾರೂ ಇಲ್ಲ ಅತ್ತೆ. ಆಟದ ಜೊತೆ ಕಳ್ಳಾಟ ಹಿಡಿಯೋ ಕಾವಲುಗಾರ ಸಾಫ್ಟ್‌ವೇರ್ ಇರುತ್ತೆ. ಅದಕ್ಕೆ ವಿಂಡೋಸ್ ಮಾತ್ರ ಪರಿಚಯ. ಲಿನಕ್ಸ್ ಕಂಡರೆ ಅನುಮಾನ."

"ಇದು ನಿನಗೆ ಗೊತ್ತಿತ್ತಾ?"

"ಈಗ ಗೊತ್ತಾಯ್ತು."

"ಎಂಟು ವರ್ಷ ಮಾತು ಬಿಟ್ಟಿದ್ದ ತಂಗಿ ಈ ಆಟದಿಂದ ಮಾತಾಡ್ತಿದ್ದಾಳೆ. ನಾಳೆ ಕೈಕೊಟ್ಟರೆ ಮತ್ತೆ ಎಂಟು ವರ್ಷ."

"ಕಂಪ್ಯೂಟರ್ ಓಡ್ತಾ ಇದೆಯಲ್ಲಮ್ಮಾ," ಎಂದು ಬಾಯಿ ಹಾಕಿದ ಪತಿರಾಯರು ತಾಯಿಯ ಒಂದೇ ನೋಟಕ್ಕೆ ಅಡುಗೆಮನೆಗೆ ಹೊರಟರು.

ಸಂಜೆಯೊಳಗೆ ವಿಂಡೋಸನ್ನು ಮರಳಿ ಕೂರಿಸಿದೆ. ಆದರೂ ಖಾತೆ ತೆರೆಯಲಿಲ್ಲ. ಕಂಪನಿಗೆ ಮನವಿ ಸಲ್ಲಿಸಬೇಕಂತೆ. ಅದರಲ್ಲೊಂದು ಪ್ರಶ್ನೆ: 'ಈ ಖಾತೆಯಲ್ಲಿ ಬೇರೆ ಯಾರಾದರೂ ಆಡಿದ್ದಾರೆಯೇ?' ಮೇಲೊಬ್ಬ ನೋಡುತ್ತಿರುವಾಗ ಸುಳ್ಳು ಬರೆಯುವುದು ಹೇಗೆ? ಬರೆದುಬಿಟ್ಟೆ: 'ಹೌದು. ಅತ್ತೆಯವರು ಮಧ್ಯಾಹ್ನ ಮಲಗಿದಾಗ ಅವರ ದರ್ಜೆ ಏರಿಸುವ ಸದುದ್ದೇಶದಿಂದ, ಅವರಿಗೆ ತಿಳಿಯದಂತೆ ನಾನು ಆಡಿದ್ದೇನೆ.'

ಭಾನುವಾರ ಮೂರೂವರೆಗೆ ಉತ್ತರ ಬಂತು. ಅತ್ತೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ನಿಮ್ಮ ಖಾತೆ ತೆರೆಯಲಾಗಿದೆ. ಸೊಸೆಯವರು ಒಪ್ಪಿಕೊಂಡಂತೆ ಮಧ್ಯಾಹ್ನ ಆಡಿದ ಮೂವತ್ತೊಂದು ಆಟಗಳನ್ನು ಪರಿಶೀಲಿಸಿದೆವು. ಹೀಗೆ ಆಡುವವರ ಮೇಲೆ ಮೋಸದ ಶಂಕೆಪಡಲು ಯಾವ ಕಾರಣವೂ ಇಲ್ಲ."

ಕನ್ನಡಕ ಕೆಳಗಿಳಿಯಿತು.

"ಮೂವತ್ತೊಂದರಲ್ಲಿ ಎಷ್ಟು ಗೆದ್ದೆ?"

ನಾನು ಲಗುಬಗೆಯಿಂದ ಆಟ ತೆರೆದುಕೊಟ್ಟೆ. ಅತ್ತೆ ಹೆಡ್‌ಫೋನ್ ಏರಿಸಿ ಕುಳಿತರು.

"ಲೇ, ನಮ್ಮ ದರ್ಜೆ ಯಾಕೆ ಇಳೀತಿತ್ತು ಅಂತ ಪತ್ತೆ ಆಯ್ತು ಕಣೆ. ನಾನು ಮಲಗಿದಾಗ ನನ್ನ ಸೊಸೆ ಆಡ್ತಿದ್ಲಂತೆ."

ತಂಗಿ ಆ ಕಡೆಯಿಂದ ಏನೋ ಕೇಳಿದರು.

"ಛೆ, ಕಳ್ಳಿ ಅಲ್ಲ ಕಣೆ," ಎಂದರು ಅತ್ತೆ, ನನ್ನತ್ತ ಕರುಣೆಯಿಂದ ನೋಡುತ್ತಾ. "ಕಳ್ಳಿಯಾಗಿದ್ರೆ ಒಂದಾದ್ರೂ ಗೆಲ್ತಿದ್ಲು."