ಗುನ್‌ಹಿಲ್ಡಳ ಎಡಗಾಲಿನ ಬೂಟು

ಎಲ್ಲಕ್ಕೂ ಕಾರಣ ಹನ್ನೊಂದು ನಿಮಿಷ.

ಅಮೆರಿಕದ ಸೌತ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡವೊಂದರ ಹದಿನಾಲ್ಕನೇ ಮಹಡಿಯಲ್ಲಿ ಕುಳಿತು ಶರಣಪ್ಪ ಪ್ರವಾಸಿಗರ ಕಿವಿಗೆ ಮಾತು ತುಂಬುತ್ತಿದ್ದ. ನಾರ್ವೆಯ ಉತ್ತರ ತುದಿಯಲ್ಲಿ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಡೆಯನ್ನು ಫಿಯಾರ್ಡ್ ಎನ್ನುತ್ತಾರೆ. ಅಲ್ಲಿ ಬೆಳಿಗ್ಗೆ ಹೊರಟು ಸಂಜೆ ಮರಳುವ ಪ್ರವಾಸಿ ದೋಣಿಯೊಂದಿತ್ತು. ಹತ್ತಿದವರಿಗೆಲ್ಲ ಒಂದು ಇಯರ್‌ಫೋನ್. ಅದರೊಳಗೆ ‘ನಿಮ್ಮ ಸ್ಥಳೀಯ ಗೈಡ್’ ತನ್ನ ಅಜ್ಜನ ಮೀನುಬಲೆಯನ್ನು ನೆನೆದು ಗದ್ಗದಿತನಾಗುತ್ತಿದ್ದ. ದನಿ ಬಾಡಿಗೆಯದು, ಅಜ್ಜ ಶರಣಪ್ಪನ ಸೃಷ್ಟಿ. ನಾರ್ವೆಯ ದಿಕ್ಕಿನಲ್ಲಿ ಶರಣಪ್ಪ ಅತಿ ದೂರ ಹೋದದ್ದೆಂದರೆ ಹತ್ತಿರದ ವಾರೆನ್‌ ಊರಿನ ಇಂಡಿಯನ್ ಅಂಗಡಿವರೆಗೆ, ಜೋಳದ ಹಿಟ್ಟು ತೀರಿದಾಗ.

ಆ ದೋಣಿ ಮೀನುಗಾರರ ಎರಡನೇ ಊರು ಮುಟ್ಟುವ ಮುನ್ನ ಹನ್ನೊಂದು ನಿಮಿಷ ಬರೀ ಮಂಜು. ಜನ ಇಯರ್‌ಫೋನ್ ಕಿತ್ತು ಮೊಬೈಲ್ ತಿಕ್ಕುತ್ತಿದ್ದರು.

“ಏನಾದ್ರೂ ತುಂಬಿ ಶರಣಪ್ಪ,” ಎಂದಿದ್ದ ಮ್ಯಾನೇಜರ್ ದಿನೇಶ್, ಮೈಸೂರಿನವನು.

“ಏನ್ ತುಂಬ್ಲಿ ಸರ್? ಅಲ್ಲಿ ಒಂದು ಕಲ್ಲು ಬಿಟ್ರ ಏನೂ ಇಲ್ಲ.”

“ಕಲ್ಲಿನ ಮೇಲೆ ಯಾರನ್ನಾದ್ರೂ ಕೂರ್ಸಿ.”

ಶರಣಪ್ಪ ತನ್ನ ಸೋದರತ್ತೆ ಗಂಗಮ್ಮನನ್ನು ಕೂರಿಸಿದ.

ಗದಗಿನಿಂದ ರೋಣಕ್ಕೆ ಹೋಗುವ ದಾರಿಯ ಕ್ರಾಸೊಂದರಲ್ಲಿ ಗಂಗಮ್ಮನ ಮಿರ್ಚಿ ಭಜಿ ಅಂಗಡಿ. ದಿನವೂ ಅಲ್ಲಿ ನಿಲ್ಲದೆ ಓಡುತ್ತಿದ್ದ ಬಸ್ಸಿನ ಡ್ರೈವರನಿಗೆ ಆಕೆ ಒಮ್ಮೆ ಚಪ್ಪಲಿ ಬೀಸಿ ಒಗೆದಿದ್ದಳು. ಅದು ಕಿಟಕಿಯೊಳಗೆ ತೂರಿ ಅವನ ಕಿವಿಗೆ ಬಿತ್ತು. ಅಂದಿನಿಂದ ಆ ಬಸ್ಸು ಹತ್ತುವವರಿಲ್ಲದಿದ್ದರೂ ಕ್ರಾಸಿನಲ್ಲಿ ನಿಂತು, ಹಾರ್ನ್ ಹೊಡೆದು, ಅಪ್ಪಣೆ ಪಡೆದಂತೆ ಮುಂದೆ ಹೋಗುತ್ತಿತ್ತು. ಶರಣಪ್ಪ ಬಸ್ಸನ್ನು ಟಪಾಲಿನ ದೋಣಿ ಮಾಡಿದ. ಡ್ರೈವರ್ ಕ್ಯಾಪ್ಟನ್ ಆದ, ಚಪ್ಪಲಿ ಎಡಗಾಲಿನ ಮರದ ಬೂಟಾಯಿತು, ಗಂಗಮ್ಮ ಗುನ್‌ಹಿಲ್ಡ್ ಆದಳು. ಭಜಿಯ ಜಾಗಕ್ಕೆ ಒಣಮೀನು ಬಂತು. ಅತ್ತೆಗೆ ಇದು ತಿಳಿದರೆ ಉಳಿದ ಇನ್ನೊಂದು ಚಪ್ಪಲಿ ಯಾರ ಪಾಲಿಗೆಂದು ಅವನಿಗೆ ಗೊತ್ತಿತ್ತು.

ಎರಡು ಬೇಸಿಗೆ ಸುಖವಾಗಿ ಕಳೆದವು. ಮೂರನೆಯ ಬೇಸಿಗೆಯ ಒಂದು ಗುರುವಾರ, ಬೆಳಿಗ್ಗೆ ಎಂಟೂವರೆಗೆ, ದಿನೇಶ್ ಹಲ್ಲುನೋವಿನವನ ಮುಖ ಹೊತ್ತು ಅವನ ಮೇಜಿನ ಬಳಿ ನಿಂತಿದ್ದ.

“ಆ ಊರಿನ ಮೇಯರ್ ಮೇಲ್ ಹಾಕಿದಾರೆ. ಟೂರಿಸ್ಟ್‌ಗಳು ಅದೃಷ್ಟ ಬರತ್ತೆ ಅಂತ ಆ ಕಲ್ಲಿಗೆ ಎಡಗಾಲಿನ ಶೂ ಎಸೀತಿದಾರಂತೆ. ಈಗ ನಾನೂರು ಶೂ ಬಿದ್ದಿದ್ಯಂತೆ. ಕಥೆಗೆ ಆಧಾರ ಏನು ಅಂತ ಕೇಳ್ತಿದಾರೆ. ಹನ್ನೊಂದು ಗಂಟೆಗೆ ವಿಡಿಯೋ ಕಾಲ್.”

“ಆಧಾರ ನೀವ ಅಲ್ರೀ ಸರ್. ಯಾರನ್ನರ ಕೂರ್ಸು ಅಂದವರು ನೀವು.”

“ನಾನು ಹಾಗಂದಿದ್ದಕ್ಕೆ ಮೇಲ್ ಇದ್ಯಾ?”

ಇರಲಿಲ್ಲ. ಇಂಥ ಮಾತುಗಳನ್ನು ದಿನೇಶ್ ಕಾಫಿ ಮಷಿನ್ ಪಕ್ಕದಲ್ಲೇ ಆಡುತ್ತಿದ್ದ. ದೊಡ್ಡ ಹುದ್ದೆಗೆ ಏರುವವರ ಅಭ್ಯಾಸವದು.

“ಕಟ್ಟುಕಥೆ ಅಂತ ಗೊತ್ತಾದ್ರೆ ಕಾಂಟ್ರ್ಯಾಕ್ಟ್ ಹೋಗತ್ತೆ,” ಎಂದ ದಿನೇಶ್. “ಸೋಮವಾರ ನಿಮ್ಮ ಗ್ರೀನ್ ಕಾರ್ಡ್ ಪೇಪರ್‌ಗೆ ನಾನು ಸೈನ್ ಮಾಡ್ಬೇಕು. ಯಾವ ಕೈಯಲ್ಲಿ ಮಾಡ್ಲಿ, ನೀವೇ ಹೇಳಿ.”

ಆರು ವರ್ಷ ಕಾದ ಪೇಪರ್ ಅದು.

ಪಕ್ಕದ ಮೇಜಿನ ವಿನಿತಾ ಕುರ್ಚಿ ಉರುಳಿಸಿಕೊಂಡು ಬಂದಳು. ಅಮೆರಿಕದಲ್ಲೇ, ಆನ್ ಆರ್ಬರ್‌ನಲ್ಲಿ ಹುಟ್ಟಿದವಳು. ಗ್ರೀನ್ ಕಾರ್ಡಿನ ಅಗತ್ಯವಿಲ್ಲದ್ದರಿಂದ ಧೈರ್ಯ ಬಹಳ.

“ರಿಲ್ಯಾಕ್ಸ್ ಶರಣ್. ಓರಲ್ ಟ್ರೆಡಿಷನ್ ಅಂತ ಹೇಳ್ಬಿಡಿ. ಅದಕ್ಕೆ ಯಾರೂ ಪೇಜ್ ನಂಬರ್ ಕೇಳಲ್ಲ. ಜೊತೆಗೆ ಒಂದು ಹಳೇ ಫೋಟೋ ಇದ್ರೆ ಸಾಕು. ಗುನ್‌ಹಿಲ್ಡ್ ನೋಡೋಕೆ ಹೇಗಿದ್ಳು?”

“ನಮ್ಮ ಅತ್ತಿ ಗತೆ.”

“ಅತ್ತೆ ಫೋಟೋ ಕೊಡಿ. ಸುಮ್ನೆ ನೋಡ್ತೀನಿ.”

ಹತ್ತು ಗಂಟೆಗೆ ಅವಳ ಪರದೆಯ ಮೇಲೆ ಇಳಕಲ್ ಸೀರೆಯ ಸೆರಗು ಉಣ್ಣೆಯ ಶಾಲಾಗಿತ್ತು. ಮೂಗುಬಟ್ಟು ಮಾಯವಾಗಿತ್ತು. ಮೈಬಣ್ಣ ಮೈದಾಹಿಟ್ಟಿನದು. ಹಿಂದೆ ಇದ್ದ ಭಜಿ ಬಾಣಲೆ ಮೀನಿನ ಬುಟ್ಟಿಯಾಗಿತ್ತು. ಸಾಫ್ಟ್‌ವೇರಿಗೆ ಬದಲಿಸಲಾಗದೆ ಉಳಿದದ್ದು ಅತ್ತೆಯ ಕಣ್ಣಿನ ಸಿಟ್ಟು ಮಾತ್ರ.

“ಬ್ಯಾಡ ವಿನಿತಾ, ಇದು ತಪ್ಪು.”

“ಓ, ಆಗ್ಲೇ ಮೇಯರ್‌ಗೆ ಕಳಿಸ್ಬಿಟ್ಟೆ. ‘ಖಾಸಗಿ ಸಂಗ್ರಹದಿಂದ’ ಅಂತ. ಥ್ಯಾಂಕ್ಸ್ ಆಮೇಲೆ ಹೇಳಿ.”

ಉಳಿದ ಒಂದು ಗಂಟೆಯಲ್ಲಿ ಶರಣಪ್ಪ ನಾಲ್ಕು ಸಲ ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ತಪ್ಪೊಪ್ಪಿಗೆ ಅಭ್ಯಾಸ ಮಾಡಿದ. ಮೊದಲು ಕಥೆ ಮಾತ್ರ ಸುಳ್ಳಾಗಿತ್ತು. ಈಗ ಸುಳ್ಳಿಗೆ ಪಾಸ್‌ಪೋರ್ಟ್ ಫೋಟೋ ಕೂಡ ಆಗಿತ್ತು.

ಹನ್ನೊಂದಕ್ಕೆ ಪರದೆಯ ಮೇಲೆ ಮೇಯರಮ್ಮ ಬಂದರು. ಪಕ್ಕದಲ್ಲಿ ತೊಂಬತ್ತರ ಆಸುಪಾಸಿನ ಮುದುಕ. ಅವನ ಕೈಯಲ್ಲಿ ಆ ಫೋಟೋದ ಪ್ರಿಂಟ್. ಅವನು ಅಳುತ್ತಿದ್ದ.

“ಇವಳೇ,” ಎಂದ ಮುದುಕ ಇಂಗ್ಲಿಷಿನಲ್ಲಿ. “ಆ ಕ್ಯಾಪ್ಟನ್ ನಮ್ಮ ಅಜ್ಜ. ಸಾಯುವವರೆಗೂ ಅವರಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಈ ಕಣ್ಣುಗಳ ಬಗ್ಗೆ ಅವರು ಎಷ್ಟು ಹೇಳುತ್ತಿದ್ದರು.”

ಶರಣಪ್ಪ ಬಾಯಿ ತೆರೆದ. ದಿನೇಶ್ ಮೇಜಿನ ಕೆಳಗೆ ಅವನ ಕಾಲು ತುಳಿದ. ಬಾಯಿ ಮುಚ್ಚಿತು. ಸೋಮವಾರದ ಸಹಿ ಅವನ ಕಣ್ಣ ಮುಂದೆ ಶಾಯಿ ಸಮೇತ ಮೂಡಿತು.

“ನಮ್ಮೂರಿನಲ್ಲಿ ಮೂರು ಮನೆತನದವರು ಗುನ್‌ಹಿಲ್ಡಳ ವಂಶಸ್ಥರು,” ಎಂದರು ಮೇಯರಮ್ಮ. “ಅವರಿಗೆ ತುಂಬಾ ನೋವಾಗಿದೆ. ಗುನ್‌ಹಿಲ್ಡ್ ಎಸೆದದ್ದು ಬಲಗಾಲಿನ ಬೂಟು. ನೀವು ಎಡಗಾಲು ಎಂದಿದ್ದೀರಿ. ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ. ಈಗ ಅಲ್ಲಿ ನಾನೂರು ತಪ್ಪು ಶೂಗಳಿವೆ. ನಮ್ಮ ಪರಂಪರೆಯನ್ನು ತಿರುಚಿದವರು ಯಾರೆಂದು ತಿಳಿಯಬೇಕಿತ್ತು.”

“ಬರೆದವರು ಇವರೇ,” ಎಂದ ದಿನೇಶ್, ಕಾಲು ತೆಗೆದು ಬೆರಳು ತೋರಿಸಿ.

ಶರಣಪ್ಪನಿಗೆ ಎಲ್ಲಿತ್ತೋ ಸಿಟ್ಟು, ಬಂತು. ಅತ್ತೆಯ ಅಣ್ಣನ ಮಗನಲ್ಲವೇ.

“ಗುನ್‌ಹಿಲ್ಡ್ ಎಂಬವಳು ಇರಲೇ ಇಲ್ಲ,” ಎಂದ. “ಆಕೆ ನನ್ನ ಅತ್ತೆ. ಇಂಡಿಯಾದಲ್ಲಿ ಮೆಣಸಿನಕಾಯಿ ಕರಿಯುತ್ತಾಳೆ. ನಾನೇ ಎದುರು ನಿಂತು ನೋಡಿದ್ದೇನೆ. ಎಸೆದದ್ದು ಎಡಗಾಲಿನದೇ.”

ಮುದುಕ ಕನ್ನಡಕ ತೆಗೆದು ಒರೆಸಿಕೊಂಡ.

“ಮೊದಲು ಅವಳ ಬಲಗಾಲನ್ನು ಕಿತ್ತುಕೊಂಡಿರಿ,” ಎಂದರು ಮೇಯರಮ್ಮ. “ಈಗ ಅವಳನ್ನೇ ಕಿತ್ತುಕೊಳ್ಳುತ್ತಿದ್ದೀರಿ.”

ಹನ್ನೊಂದೂವರೆಗೆ ತೀರ್ಪಾಗಿತ್ತು. ಆ ಹನ್ನೊಂದು ನಿಮಿಷದ ಕಥೆಯನ್ನು ಇನ್ನು ಮುಂದೆ ಮುದುಕನೇ ಹೇಳುತ್ತಾನೆ. ಕಾಂಟ್ರ್ಯಾಕ್ಟ್ ಉಳಿಯಿತು. ಶರಣಪ್ಪ ಮೂರು ಮನೆತನಗಳಿಗೆ ಕ್ಷಮಾಪಣೆ ಪತ್ರ ಬರೆಯಬೇಕು, ಅನ್ಯ ಸಂಸ್ಕೃತಿಗಳನ್ನು ಗೌರವಿಸುವ ಎಂಟು ವಾರದ ಕೋರ್ಸ್ ಮುಗಿಸಬೇಕು.

“ಸೈನ್ ಅದಾದ್ಮೇಲೆ ನೋಡೋಣ,” ಎಂದ ದಿನೇಶ್. “ಬೇರೆಯವರ ಅಜ್ಜಿನ ನಮ್ಮತ್ತೆ ಅನ್ನೋದು ಏನ್ ಚೆಂದ ಶರಣಪ್ಪ?”

“ಫೋಟೋ ಮಾತ್ರ ಸೂಪರ್ ವರ್ಕ್ ಆಯ್ತು,” ಎಂದಳು ವಿನಿತಾ.

ಶರಣಪ್ಪ ಲ್ಯಾಪ್‌ಟಾಪ್ ಹಿಡಿದು ಪಾರ್ಕಿಂಗಿಗೆ ಇಳಿದು ಕಾರಿನಲ್ಲಿ ಕುಳಿತ. ಪತ್ರ ‘ನಿಮ್ಮ ಪೂಜ್ಯ ಅಜ್ಜಿಯವರ’ ಎಂಬಲ್ಲಿಗೆ ನಿಂತಿತು. ಮುಂದಿನ ಪದ ಬರೆಯಲು ಅವನ ಕೈ ಒಪ್ಪಲಿಲ್ಲ. ಎಲ್ಲ ಹೋದರೂ ಒಂದು ಸತ್ಯ ಅವನದಾಗಿ ಉಳಿದಿತ್ತು.

ಅಷ್ಟರಲ್ಲಿ ಗದಗಿನಿಂದ ಫೋನು. ರಾತ್ರಿಯ ಧಾರಾವಾಹಿ ಮುಗಿದ ಕೂಡಲೇ ಗಂಗಮ್ಮ ಅವನ ಊಟ ವಿಚಾರಿಸುವುದು ರೂಢಿ.

“ಉಂಡೇನೋ?”

“ಇಲ್ಲತ್ತಿ. ಒಂದು ಮಾತು ಹೇಳು. ಆ ಡ್ರೈವರ್‌ಗೆ ಚಪ್ಪಲಿ ಒಗದಿದ್ದಿಯಲ್ಲ, ಎಡಗಾಲಿಂದು ಹೌದಿಲ್ಲ?”

“ಎಡಗಾಲಿಂದು ಹೆಂಗ ಒಗೀಲೋ? ಅದರ ಉಂಗುಷ್ಟ ಕಿತ್ತಿತ್ತು, ಪಿನ್ ಹಾಕ್ಕೊಂಡಿದ್ದೆ. ಬಲಗಾಲಿಂದು ಒಗದದ್ದು. ಅಲ್ಲೇ ಭಜಿ ತಿನ್ಕೋತ ನಿಂತಿದ್ದಿ, ಕಣ್ಣು ಎಲ್ಲಿಟ್ಟಿದ್ದಿ?”

ಶರಣಪ್ಪ ಫೋನು ಇಟ್ಟ. ಆಮೇಲೆ ಲ್ಯಾಪ್‌ಟಾಪ್ ತೊಡೆಗೆಳೆದುಕೊಂಡು ‘ಬಲಗಾಲು’ ಎಂದು ಟೈಪ್ ಮಾಡಿದ.